ಬಾಣಂತಿ ಹತ್ತಿದ ಹಡಗು

ನಮ್ಮೂರ ಕಡೆ ಬಾಣಂತಿ ಅಂದ್ರೆ ಮೂರು ತಿಂಗಳು ತವರುಮನೆಯ ಒಳಕೋಣೆ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸಂಜೆ ಹೊತ್ತಿಗೆ ಸಾಮ್ರಾಣಿ ಹೊಗೆ. ಕೂಸನ್ನು ಪಕ್ಕದೂರಿಗೆ ಕರೆದುಕೊಂಡು ಹೋಗಬೇಕು ಅಂದ್ರೂ ಅಜ್ಜಿ ನಾಲ್ಕು ಸಲ ಯೋಚನೆ ಮಾಡೋರು. ಗಾಳಿ ತಾಗುತ್ತೆ, ನೀರು ಬದಲಾಗುತ್ತೆ, ದೃಷ್ಟಿ ಆಗುತ್ತೆ ಅಂತ ನೂರೆಂಟು ಕಾರಣ. ಇಂಜಿನಿಯರಿಂಗ್ ಓದುವಾಗ ಇದೆಲ್ಲ ಮೂಢನಂಬಿಕೆ ಅಂತ ನಗುತ್ತಿದ್ದೆ. ಈಗ ಅನ್ನಿಸುತ್ತೆ, ಅದರಲ್ಲಿ ಒಂದು ಸರಳವಾದ ಮಾತಿತ್ತು: ಹೆತ್ತವಳಿಗೆ ಸುಧಾರಿಸಿಕೊಳ್ಳೋಕೆ ಸ್ವಲ್ಪ ಸಮಯ ಕೊಡಿ.

ಈ ಮಾತು ನೆನಪಾಗಿದ್ದು ಬಾಣಂತನಕ್ಕೆ ಸಂಬಂಧವೇ ಇಲ್ಲದ ಒಂದು ವಿಷಯ ಓದುತ್ತಿದ್ದಾಗ. ಕನ್ನಡ ಅಕ್ಷರಗಳು ಅಚ್ಚಿಗೆ ಬಂದ ಕಥೆಯ ಬಗ್ಗೆ ನನಗೆ ಮೊದಲಿಂದಲೂ ಕುತೂಹಲ. ದಿನಾ ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡುವವನಿಗೆ ಈ ಒತ್ತು, ದೀರ್ಘ, ಗುಣಿತವನ್ನೆಲ್ಲ ಮೊದಲು ಸೀಸದಲ್ಲಿ ಎರಕ ಹೊಯ್ದವರು ಯಾರು ಅಂತ ತಿಳಿಯೋ ಆಸೆ ಇರುತ್ತಲ್ವಾ? ಹುಡುಕುತ್ತಾ ಹೋದರೆ ದಾರಿ ಬಂಗಾಳಕ್ಕೆ ಹೋಗುತ್ತದೆ. ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿಯ ದಂಡೆಯ ಮೇಲೆ ಶ್ರೀರಾಂಪುರ. ಅಲ್ಲಿನ ಮಿಷನ್ ಪ್ರೆಸ್ಸಿನಲ್ಲಿ 1817ರಲ್ಲಿ ಅಚ್ಚಾದದ್ದು ವಿಲಿಯಂ ಕ್ಯಾರಿ ಬರೆದ 'ಕರ್ನಾಟ' ಭಾಷೆಯ ವ್ಯಾಕರಣ. ವಿವರಣೆ ಇಂಗ್ಲಿಷಿನಲ್ಲಿ, ಉದಾಹರಣೆ ಕನ್ನಡ ಅಕ್ಷರದಲ್ಲಿ. ಕನ್ನಡ ಮುದ್ರಣದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಈ ಪುಸ್ತಕದಿಂದಲೇ ಶುರು ಮಾಡುತ್ತಾರೆ.

ಕ್ಯಾರಿಯ ಬಗ್ಗೆ ಓದುತ್ತಾ ಓದುತ್ತಾ ವ್ಯಾಕರಣ ಪಕ್ಕಕ್ಕೆ ಸರಿಯಿತು. ಅವನ ಹೆಂಡತಿ ಡೊರೊಥಿ ಮನಸ್ಸಿನಲ್ಲಿ ಕೂತುಬಿಟ್ಟಳು.

ಕ್ಯಾರಿ ಹುಟ್ಟಿದ್ದು 1761ರಲ್ಲಿ, ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ಪಾಲರ್ಸ್‌ಪರಿ ಅನ್ನೋ ಹಳ್ಳಿಯಲ್ಲಿ. ಅಪ್ಪ ನೇಕಾರ, ಆಮೇಲೆ ಹಳ್ಳಿ ಶಾಲೆಯ ಮೇಷ್ಟ್ರು. ಹುಡುಗ ಬೂಟು ಹೊಲಿಯುವ ಕೆಲಸಕ್ಕೆ ಸೇರಿದ. ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತ. ಬಡವರ ಮನೆಯಲ್ಲಿ ಹುಟ್ಟಿ, ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿ ಮೇಲೆ ಬಂದ ಮನುಷ್ಯ. ಹಳ್ಳಿಯಿಂದ ಬಂದ ನನ್ನಂಥವರಿಗೆ ಇಂಥವರನ್ನು ಕಂಡರೆ ಸಹಜವಾಗಿಯೇ ಪ್ರೀತಿ. 1781ರಲ್ಲಿ ಪಕ್ಕದ ಪಿಡಿಂಗ್ಟನ್ ಹಳ್ಳಿಯ ಡೊರೊಥಿ ಪ್ಲ್ಯಾಕೆಟ್‌ಳನ್ನು ಮದುವೆಯಾದ. ಅವಳು ಅವನಿಗಿಂತ ಐದಾರು ವರ್ಷ ದೊಡ್ಡವಳು. ಚರ್ಚಿನ ಮದುವೆ ಪುಸ್ತಕದಲ್ಲಿ ಅವಳ ಸಹಿ ಇರಬೇಕಾದ ಜಾಗದಲ್ಲಿ ಒಂದು ಇಂಟು ಗುರುತು ಇದೆ. ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ. ಮುಂದೆ ಹತ್ತಾರು ಭಾಷೆಗಳಿಗೆ ಬೈಬಲ್ ತಂದವನ ಹೆಂಡತಿಗೆ ಮದುವೆಯ ದಿನ ತನ್ನ ಹೆಸರು ಬರೆಯೋಕೆ ಬರುತ್ತಿರಲಿಲ್ಲ.

ಮೊದಲ ಮಗಳು ಆ್ಯನ್ ಎರಡು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಆಮೇಲೆ ಫೀಲಿಕ್ಸ್, ವಿಲಿಯಂ, ಪೀಟರ್ ಅಂತ ಮೂವರು ಗಂಡುಮಕ್ಕಳು. ನಡುವೆ ಲೂಸಿ ಅನ್ನೋ ಇನ್ನೊಂದು ಹೆಣ್ಣುಮಗು, ಅದೂ ಉಳಿಯಲಿಲ್ಲ. ಇಷ್ಟರಲ್ಲಿ ಕ್ಯಾರಿ ಬ್ಯಾಪ್ಟಿಸ್ಟ್ ಪಾದ್ರಿಯಾಗಿದ್ದ. ದೂರದೇಶಗಳಿಗೆ ಹೋಗಿ ಸುವಾರ್ತೆ ಸಾರಬೇಕು ಅನ್ನೋದು ಅವನ ತಲೆಯಲ್ಲಿ ಹಗಲೂ ರಾತ್ರಿ ಕೊರೆಯುತ್ತಿತ್ತು. 1792ರ ಅಕ್ಟೋಬರ್ 2ರಂದು ಕೆಟರಿಂಗ್ ಊರಿನ ಒಬ್ಬ ವಿಧವೆಯ ಮನೆಯಲ್ಲಿ ಕೆಲವು ಜನ ಸೇರಿ ಒಂದು ಮಿಷನರಿ ಸಂಘ ಕಟ್ಟಿದರು. ಅವತ್ತು ಕೊಡುತ್ತೇವೆ ಅಂತ ಬರೆಸಿದ ಹಣ ಒಟ್ಟು 13 ಪೌಂಡು, 2 ಶಿಲ್ಲಿಂಗು, 6 ಪೆನ್ಸು. ಮರುವರ್ಷ ಜನವರಿಯಲ್ಲಿ ಇಬ್ಬರನ್ನು ಬಂಗಾಳಕ್ಕೆ ಕಳಿಸೋದು ಅಂತ ತೀರ್ಮಾನವಾಯಿತು. ಒಬ್ಬ ಜಾನ್ ಥಾಮಸ್. ಅವನು ಮೊದಲೇ ಬಂಗಾಳ ನೋಡಿ ಬಂದಿದ್ದ ವೈದ್ಯ, ಜೊತೆಗೆ ಮೈತುಂಬ ಸಾಲ. ಇನ್ನೊಬ್ಬ ಕ್ಯಾರಿ.

ಡೊರೊಥಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವಳು ಬರೋದಿಲ್ಲ ಅಂದಳು.

ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅವಳು ಆಗ ತುಂಬಿದ ಬಸುರಿ. ಎರಡು ಮಕ್ಕಳನ್ನು ಮಣ್ಣು ಮಾಡಿದ್ದಳು. ಹುಟ್ಟಿದ ಸೀಮೆ ಬಿಟ್ಟು ಹೆಚ್ಚು ದೂರ ಹೋದವಳೇ ಅಲ್ಲ. ಫೆಬ್ರವರಿಯಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಗಿತ್ತು, ಸಮುದ್ರದಲ್ಲಿ ಶತ್ರುಗಳ ಹಡಗು. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಡವಾಗಿದ್ದರು. ಪರವಾನಗಿ ಇಲ್ಲದೆ ಹೋದರೆ ವಾಪಸ್ ಕಳಿಸುವ ಅಧಿಕಾರ ಅವರಿಗಿತ್ತು. ಅಲ್ಲಿ ಮನೆ ಇಲ್ಲ, ಸಂಬಳ ಇಲ್ಲ. ಈ ಲೆಕ್ಕವನ್ನೆಲ್ಲ ಇಟ್ಟುಕೊಂಡು ನಮ್ಮ ಆಫೀಸಿನ ಯಾವ ಮ್ಯಾನೇಜರನ್ನು ಕೇಳಿದರೂ 'ರಿಸ್ಕ್ ಜಾಸ್ತಿ, ಬೇಡ' ಅಂತಲೇ ಹೇಳುತ್ತಾರೆ. ಡೊರೊಥಿ ಹೇಳಿದ್ದೂ ಅದನ್ನೇ.

ಕ್ಯಾರಿ ದೊಡ್ಡ ಮಗ ಫೀಲಿಕ್ಸ್‌ನನ್ನು ಮಾತ್ರ ಕರೆದುಕೊಂಡು ಹೊರಟ. ಮೊದಲು ತಾನು ನೆಲೆಯೂರಿ, ಆಮೇಲೆ ಉಳಿದವರನ್ನು ಕರೆಸಿಕೊಳ್ಳುವ ಯೋಚನೆ. ನಮ್ಮ ಕಡೆ ಗಲ್ಫ್‌ಗೆ ಹೋಗುವವರು ಈಗಲೂ ಮಾಡೋದು ಹೀಗೇ. ಹಡಗು ಬೆಂಗಾವಲಿಗಾಗಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ವಾರಗಟ್ಟಲೆ ಕಾಯುತ್ತಾ ನಿಂತಿತು. ಅಲ್ಲಿ ರೈಡ್ ಅನ್ನೋ ಊರಿನಲ್ಲಿದ್ದಾಗ ಮೇ ತಿಂಗಳ ಮೊದಲ ವಾರ ಅವನಿಗೆ ಸುದ್ದಿ ಬಂತು: ಗಂಡುಮಗು, ತಾಯಿ ಮಗು ಕ್ಷೇಮ. ಆ ಮಗುವೇ ಜೇಬೆಜ್. ಜಗತ್ತೇ ನನ್ನದಾಗಿದ್ದರೂ ನಿಮ್ಮನ್ನೆಲ್ಲ ಜೊತೆಗಿಟ್ಟುಕೊಳ್ಳಲು ಅದನ್ನು ಕೊಟ್ಟುಬಿಡುತ್ತಿದ್ದೆ, ಆದರೆ ಕರ್ತವ್ಯ ದೊಡ್ಡದು ಅನ್ನೋ ಅರ್ಥ ಬರುವ ಹಾಗೆ ಹೆಂಡತಿಗೆ ಪತ್ರ ಬರೆದ. ಅವನು ಕಲ್ಲು ಮನಸ್ಸಿನವನಲ್ಲ ಅನ್ನೋದು ಆ ಪತ್ರದಿಂದಲೇ ಗೊತ್ತಾಗುತ್ತದೆ.

ಅಷ್ಟರಲ್ಲಿ ಹಡಗಿನ ಕ್ಯಾಪ್ಟನ್‌ಗೆ ಒಂದು ಹೆಸರಿಲ್ಲದ ಪತ್ರ ಬಂತು. ಪರವಾನಗಿ ಇಲ್ಲದವರನ್ನು ಕರೆದೊಯ್ದರೆ ನಿನಗೇ ತೊಂದರೆ ಅಂತ. ಅವನು ಹೆದರಿ ಇವರನ್ನು ಇಳಿಸಿದ. ಥಾಮಸ್‌ನ ಹೆಂಡತಿ, ಮಗಳು ಮಾತ್ರ ಅದೇ ಹಡಗಿನಲ್ಲಿ ಮುಂದೆ ಹೋದರು. ಇವರು ಲಂಡನ್ನಿಗೆ ವಾಪಸ್. ಅಲ್ಲಿ ಒಂದು ಡೆನ್ಮಾರ್ಕಿನ ಹಡಗು ಕಲ್ಕತ್ತೆಗೆ ಹೊರಡಲಿದೆ ಅಂತ ತಿಳಿಯಿತು. ಡೇನರಿಗೆ ಕಂಪನಿಯ ಪರವಾನಗಿಯ ಹಂಗಿಲ್ಲ. ಇಬ್ಬರೂ ರಾತ್ರೋರಾತ್ರಿ ಪಿಡಿಂಗ್ಟನ್‌ಗೆ ಹೊರಟರು.

ಮುಂದಿನದು ಒಂದೇ ಬೆಳಗಿನ ಕಥೆ. ತಿಂಡಿ ಹೊತ್ತಿಗೆ ಮನೆ ಮುಟ್ಟಿದರು. ಕ್ಯಾರಿ ಮಗುವನ್ನು ನೋಡಿದ್ದು ಅದೇ ಮೊದಲು. ಈಗಲಾದರೂ ಬಾ ಅಂತ ಕರೆದ. ಡೊರೊಥಿ ಮತ್ತೆ ಇಲ್ಲ ಅಂದಳು. ಹಣ ಹೊಂದಿಸಬೇಕಾಗಿತ್ತು, ಇಬ್ಬರೂ ನಾರ್ಥಾಂಪ್ಟನ್ ಕಡೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಥಾಮಸ್ ಸುಮ್ಮನಿರಲಾರದೆ, ಇನ್ನೊಂದು ಸಲ ಕೇಳಿ ನೋಡೋಣ ಅಂದ. ಉಪಯೋಗವಿಲ್ಲ ಅಂತ ಕ್ಯಾರಿ. ಥಾಮಸ್ ಕೇಳಲಿಲ್ಲ, ತಾನೇ ಹಿಂದಿರುಗಿದ. ನೀನು ಬರದಿದ್ದರೆ ಸಂಸಾರ ಚೂರಾಗುತ್ತದೆ, ಬದುಕಿರೋವರೆಗೂ ಪಶ್ಚಾತ್ತಾಪ ಪಡುತ್ತೀಯ ಅಂತ ಅವಳಿಗೆ ಹೇಳಿದ. ಇದನ್ನು ಮುಂದೆ ಅವನೇ ಪತ್ರದಲ್ಲಿ ಬರೆದುಕೊಂಡಿದ್ದಾನೆ. ಆ ಮಾತಿಗೆ ಅವಳು ಹೆದರಿದಳು. ಹೆದರಿ ಒಂದು ಷರತ್ತು ಹಾಕಿದಳು: ತಂಗಿ ಕಿಟಿ ಜೊತೆಗೆ ಬಂದರೆ ಬರುತ್ತೇನೆ. ಕಿಟಿ ಒಪ್ಪಿದಳು.

ತಿಂಗಳುಗಟ್ಟಲೆ ಗಟ್ಟಿಯಾಗಿ ನಿಂತಿದ್ದ ಒಂದು 'ಇಲ್ಲ' ಅವತ್ತು ಮಧ್ಯಾಹ್ನದೊಳಗೆ 'ಹೂಂ' ಆಯಿತು. ಗಂಟುಮೂಟೆ ಕಟ್ಟಲು ಸಿಕ್ಕಿದ್ದು ಒಂದು ದಿನವೋ ಅದಕ್ಕಿಂತ ಕಡಿಮೆಯೋ. ಅಷ್ಟು ಅವಸರ ಮಾಡಿ ಹೋದವರು ಡೋವರ್ ಬಂದರಿನಲ್ಲಿ ಮತ್ತೆ ಹಡಗಿಗಾಗಿ ಕಾಯಬೇಕಾಯಿತು. ಅದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಎಂಟು ಜನರ ಪ್ರಯಾಣಕ್ಕೆ 300 ಗಿನಿ. ಅಷ್ಟಕ್ಕೆ ಇಳಿಸಲು ಥಾಮಸ್ ಮತ್ತು ಕಿಟಿಯನ್ನು ಸಹಾಯಕರ ಲೆಕ್ಕದಲ್ಲಿ ಸೇರಿಸಿದರು. 1793ರ ಜೂನ್ 13ರಂದು ಹಡಗು ಹೊರಟಿತು. ತೋಳಲ್ಲಿ ಒಂದೂವರೆ ತಿಂಗಳೂ ತುಂಬದ ಕೂಸು. ದಾರಿಯಲ್ಲಿ ಎಲ್ಲೂ ನೆಲ ತುಳಿಯದೆ ಐದು ತಿಂಗಳು. ಆಫ್ರಿಕಾದ ತುದಿ ದಾಟುವಾಗ ಬಿರುಗಾಳಿಗೆ ಸಿಕ್ಕಿ ಹಡಗೇ ಮುಳುಗುವ ಹಾಗಾಗಿತ್ತು. ನವೆಂಬರ್‌ನಲ್ಲಿ ಕಲ್ಕತ್ತೆ ಮುಟ್ಟಿದಾಗ ಜೇಬೆಜ್‌ಗೆ ಆರು ತಿಂಗಳು. ಅಂದ್ರೆ ಆ ಮಗು ಬೋರಲು ಬಿದ್ದಿದ್ದು, ಮೊದಲು ನಕ್ಕಿದ್ದು ಎಲ್ಲ ಹಡಗಿನಲ್ಲೇ ಇರಬೇಕು.

ಬಂದ ಮೇಲಿನ ಮೊದಲ ವರ್ಷ ಡೊರೊಥಿಯ ಲೆಕ್ಕದಲ್ಲಿ ಹೀಗಿದೆ. ತಂದ ಹಣ ಥಾಮಸ್ ಕೈಯಲ್ಲಿ ಕೆಲವೇ ವಾರಗಳಲ್ಲಿ ಕರಗಿತು. ಸಂಸಾರ ಮಾಣಿಕ್‌ತಲಾದ ಒಂದು ಪುಟ್ಟ ಮನೆಗೆ ಬಂತು, ಅದೂ ಒಬ್ಬ ಸಾಹುಕಾರ ದಯೆಯಿಂದ ಕೊಟ್ಟಿದ್ದು. ಡೊರೊಥಿಗೂ ದೊಡ್ಡ ಹುಡುಗರಿಗೂ ರಕ್ತಭೇದಿ. ಫೀಲಿಕ್ಸ್ ಸಾಯುವ ಹಾಗಾಗಿದ್ದ. 1794ರ ಫೆಬ್ರವರಿಯಲ್ಲಿ ದೋಣಿ ಹತ್ತಿ ಸುಂದರಬನದ ಅಂಚಿನ ದೇಭಟ್ಟಾಕ್ಕೆ ಹೋದರು, ಕಾಡು ಕಡಿದು ಬೇಸಾಯ ಮಾಡುವ ಯೋಚನೆಯಿಂದ. ಹುಲಿಗಳ ಸೀಮೆ. ಅಲ್ಲಿ ಕಂಪನಿಯ ಉಪ್ಪಿನ ಕೆಲಸ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಶಾರ್ಟ್ ಅನ್ನೋ ಇಂಗ್ಲಿಷಿನವನು ಗುರುತು ಪರಿಚಯ ಇಲ್ಲದ ಇವರನ್ನೆಲ್ಲ ತನ್ನ ಬಂಗಲೆಯಲ್ಲಿ ಇಟ್ಟುಕೊಂಡು ಊಟ ಹಾಕಿದ. ಅವನಿಗೆ ಧರ್ಮದಲ್ಲಿ ನಂಬಿಕೆಯೇ ಇರಲಿಲ್ಲ. ಕಷ್ಟಕಾಲದಲ್ಲಿ ಮಿಷನರಿ ಸಂಸಾರವನ್ನು ಉಳಿಸಿದ್ದು ಒಬ್ಬ ನಾಸ್ತಿಕ ಅನ್ನೋದು ಈ ಕಥೆಯ ಒಂದು ವಿಚಿತ್ರ.

ಆಮೇಲೆ ಕ್ಯಾರಿಗೆ ಮಾಲ್ಡಾ ಹತ್ತಿರ ಮದ್ನಾಬತಿಯಲ್ಲಿ ನೀಲಿ ಕಾರ್ಖಾನೆ ನೋಡಿಕೊಳ್ಳುವ ಕೆಲಸ ಸಿಕ್ಕಿತು, ತಿಂಗಳಿಗೆ 200 ರೂಪಾಯಿ. ಹಸಿವೆಯ ಚಿಂತೆ ತಪ್ಪಿತು. ಆದರೆ ಕಿಟಿ ಅವರ ಜೊತೆ ಹೋಗಲಿಲ್ಲ. ಅವಳು ಶಾರ್ಟ್‌ನನ್ನು ಮೆಚ್ಚಿ ದೇಭಟ್ಟಾದಲ್ಲೇ ಉಳಿದಳು, ಮುಂದೆ ಅವನನ್ನೇ ಮದುವೆಯಾದಳು. ಅವಳ ತಪ್ಪೇನೂ ಇಲ್ಲ. ಆದರೆ ಯಾವ ಒಂದು ಷರತ್ತಿನ ಮೇಲೆ ಡೊರೊಥಿ ಹಡಗು ಹತ್ತಿದ್ದಳೋ ಆ ಷರತ್ತು ಒಂದು ವರ್ಷದೊಳಗೆ ಮುರಿದುಹೋಯಿತು. ಅದೇ ಅಕ್ಟೋಬರ್‌ನಲ್ಲಿ ಐದು ವರ್ಷದ ಪೀಟರ್ ತೀರಿಕೊಂಡ. ಜಾತಿ ಕೆಡುತ್ತದೆ ಅಂತ ಕುಣಿ ತೋಡಲು, ಹೆಣ ಹೊರಲು ಜನ ಮುಂದೆ ಬರಲಿಲ್ಲ. ಜನರನ್ನು ಹೊಂದಿಸುವಷ್ಟರಲ್ಲಿ, ಸ್ವತಃ ಜ್ವರದಲ್ಲಿ ಬಳಲಿದ್ದ ಕ್ಯಾರಿಗೆ ಸಾಕುಸಾಕಾಯಿತು.

1795ರ ಹೊತ್ತಿಗೆ ಡೊರೊಥಿಯ ಮನಸ್ಸು ಕೆಟ್ಟಿತು. ಗಂಡನಿಗೆ ಬೇರೆ ಹೆಂಗಸರ ಸಂಬಂಧ ಇದೆ ಅನ್ನೋ ಭ್ರಮೆ ಗಟ್ಟಿಯಾಗಿ ಹಿಡಿಯಿತು. ಬೀದಿಯಲ್ಲಿ ಅವನ ಹಿಂದೆ ಹೋಗಿ ಕೂಗಾಡುತ್ತಿದ್ದಳು. ಅವನ ಪ್ರಾಣ ತೆಗೆಯಲು ಹೋದದ್ದೂ ಉಂಟು. ಅದರ ನಡುವೆಯೇ 1796ರಲ್ಲಿ ಜೊನಾಥನ್ ಹುಟ್ಟಿದ. 1800ರ ಜನವರಿಯಲ್ಲಿ ಸಂಸಾರ ಡೇನರ ಆಡಳಿತದ ಶ್ರೀರಾಂಪುರಕ್ಕೆ ಬಂತು. ಅಲ್ಲಿಗೆ ಇಂಗ್ಲೆಂಡಿನಿಂದ ಹೊಸ ಮಿಷನರಿಗಳು ಬಂದು ಸೇರಿದ್ದರು. ಅವರಲ್ಲಿ ಜೋಶುವಾ ಮಾರ್ಷ್‌ಮನ್‌ನ ಹೆಂಡತಿ ಹ್ಯಾನಾ, ತನ್ನ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಂದವಳು, ಕ್ಯಾರಿಯ ಹುಡುಗರನ್ನೂ ಸೆರಗಿಗೆ ಹಾಕಿಕೊಂಡಳು. ಅದೇ ವರ್ಷ ಡಿಸೆಂಬರ್ 28ರಂದು ಕೃಷ್ಣ ಪಾಲ್ ಅನ್ನೋ ಬಡಗಿ ಹೂಗ್ಲಿಯಲ್ಲಿ ದೀಕ್ಷಾಸ್ನಾನ ಪಡೆದ. ಏಳು ವರ್ಷದ ಕೆಲಸಕ್ಕೆ ಸಿಕ್ಕ ಮೊದಲ ಫಲ ಅಂತ ಮಿಷನ್ ಚರಿತ್ರೆಯಲ್ಲಿ ಅದು ದೊಡ್ಡ ದಿನ. ಆವತ್ತು ಡೊರೊಥಿ ಒಂದು ಕೋಣೆಯಲ್ಲಿ ಬಂಧನದಲ್ಲಿದ್ದಳು. ಇನ್ನೊಂದು ಕಡೆ, ತಲೆ ಕೆಟ್ಟು ಕೂಗಾಡುತ್ತಿದ್ದ ಥಾಮಸ್‌ನನ್ನೂ ಕಟ್ಟಿಹಾಕಿದ್ದರು. ಅವಳನ್ನು ಹೆದರಿಸಿ ಒಪ್ಪಿಸಿದ್ದ ಅದೇ ಥಾಮಸ್.

ಕ್ಯಾರಿ ಅವಳನ್ನು ಎಲ್ಲೋ ಬಿಟ್ಟು ಬರಲಿಲ್ಲ, ಇದನ್ನು ಹೇಳಲೇಬೇಕು. ಹನ್ನೆರಡು ವರ್ಷ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡ. ಪಕ್ಕದ ಕೋಣೆಯಿಂದ ಅವಳ ಕೂಗು ಕೇಳುತ್ತಿದ್ದರೂ ಅನುವಾದದ ಕೆಲಸ ನಿಲ್ಲಿಸುತ್ತಿರಲಿಲ್ಲ ಅಂತ ಜೊತೆಗಿದ್ದವರು ಬರೆದಿದ್ದಾರೆ. ಬರೆದವರು ಅದನ್ನು ಅವನ ತಾಳ್ಮೆಗೆ ಸಾಕ್ಷಿಯಾಗಿ ಬರೆದರು. ನನಗೆ ಓದುವಾಗ ಗೋಡೆಯ ಆಚೆಯ ಕೋಣೆಯೇ ಕಾಣುತ್ತದೆ. 1807ರ ಡಿಸೆಂಬರ್ 8ರಂದು, 51ನೇ ವಯಸ್ಸಿನಲ್ಲಿ, ಡೊರೊಥಿ ಜ್ವರದಿಂದ ತೀರಿಕೊಂಡಳು. ಮರುವರ್ಷ ಮೇ ತಿಂಗಳಲ್ಲಿ ಕ್ಯಾರಿ ಇನ್ನೊಂದು ಮದುವೆಯಾದ.

ನಮ್ಮ ವ್ಯಾಕರಣ ಬಂದಿದ್ದು ಇದಾಗಿ ಹತ್ತು ವರ್ಷಕ್ಕೆ. ಕ್ಯಾರಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಲಿಸುತ್ತಿದ್ದ, ಪಂಡಿತರ ನೆರವಿನಿಂದ ಒಂದಾದ ಮೇಲೊಂದು ಭಾಷೆ ಹಿಡಿಯುತ್ತಿದ್ದ. 1812ರಲ್ಲಿ ಪ್ರೆಸ್ಸಿಗೆ ಬೆಂಕಿ ಬಿದ್ದು ಹಸ್ತಪ್ರತಿ, ಅಚ್ಚುಮೊಳೆ ಎಲ್ಲ ಸುಟ್ಟಾಗಲೂ ಮತ್ತೆ ಮೊದಲಿಂದ ಶುರು ಮಾಡಿದ. ಆ ಛಲದ ಲಾಭ ಕನ್ನಡಕ್ಕೂ ಸಿಕ್ಕಿತು. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ.

ಮಕ್ಕಳ ಕಥೆಯೂ ಗೊತ್ತಿರಲಿ. ಫೀಲಿಕ್ಸ್ ಮಿಷನರಿಯಾಗಿ ಬರ್ಮಾಕ್ಕೆ ಹೋದ. 1814ರಲ್ಲಿ ಇರಾವತಿ ನದಿಯಲ್ಲಿ ದೋಣಿ ಮಗುಚಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ. ಹಡಗಿನಲ್ಲಿ ಬೆಳೆದ ಕೂಸು ಜೇಬೆಜ್, ಅದೇ ವರ್ಷ ಹೆಂಡತಿಯನ್ನು ಕರೆದುಕೊಂಡು ಇನ್ನೊಂದು ಹಡಗು ಹತ್ತಿ ಇಂಡೊನೇಷ್ಯಾ ಕಡೆಯ ಅಂಬೋಯ್ನಾ ದ್ವೀಪಕ್ಕೆ ಮಿಷನರಿಯಾಗಿ ಹೋದ. ಆಮೇಲೆ ಅಜ್ಮೇರಿನಲ್ಲಿ ಶಾಲೆ ನಡೆಸಿದ.

ಕ್ಯಾರಿ ಸತ್ತ 1834ರಲ್ಲೇ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರಿಗೆ ಬಂದಿಳಿದರು. ಅಷ್ಟರಲ್ಲಿ ಮಿಷನ್‌ಗಳು ಸಂಸಾರದ ವಿಷಯಕ್ಕೆ ಕಟ್ಟುನಿಟ್ಟು ನಿಯಮ ಮಾಡತೊಡಗಿದ್ದವು. ಬಾಸೆಲ್‌ನವರು ಹೊಸಬರನ್ನು ಒಬ್ಬಂಟಿಯಾಗಿ ಕಳಿಸುತ್ತಿದ್ದರು. ಮದುವೆಗೆ ಸಮಿತಿಯ ಅಪ್ಪಣೆ ಬೇಕಿತ್ತು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸುವ ರೂಢಿ ಬಂತು, 1853ರಲ್ಲಿ ಬಾಸೆಲ್ ನಗರದಲ್ಲಿ ಅವರಿಗೆಂದೇ ಒಂದು ನಿಲಯವಾಯಿತು. ಮಲಯಾಳಂ ನಿಘಂಟಿನ ಗುಂಡರ್ಟ್ ಅವರ ಮಗಳು ಮಾರಿ ತಲಶ್ಶೇರಿಯಲ್ಲಿ ಹುಟ್ಟಿ, ತೀರಾ ಚಿಕ್ಕವಳಿದ್ದಾಗಲೇ ಯುರೋಪಿನಲ್ಲಿ ಉಳಿದು, ಹದಿನೈದರ ಹರೆಯದಲ್ಲಿ ಅಪ್ಪ ಅಮ್ಮನ ಹತ್ತಿರ ಮರಳಿದಳು. ಅವಳ ಮಗನೇ ಕಾದಂಬರಿಕಾರ ಹರ್ಮನ್ ಹೆಸ್. ಕೂಸನ್ನು ತರುವ ಕಷ್ಟ ತಪ್ಪಿಸಲು ಹೋಗಿ ಕೂಸನ್ನು ಬಿಡುವ ಕಷ್ಟ ತಂದುಕೊಂಡರು. ಎರಡರಲ್ಲೂ ತಾಯಿಯನ್ನು ಕೇಳಿದವರು ಕಡಿಮೆ.

ಹಳೆಯ ಜೀವನಚರಿತ್ರೆಗಳಲ್ಲಿ ಡೊರೊಥಿ ಅಂದ್ರೆ ಮಹಾಪುರುಷನ ಕಾಲಿಗೆ ಸಿಕ್ಕ ತೊಡಕು. ಓದಿಲ್ಲದವಳು, ಗಂಡನ ದೊಡ್ಡ ಕೆಲಸ ಅರ್ಥವಾಗದವಳು. ಅವಳ ಬಗ್ಗೆ ನಮಗೆ ಗೊತ್ತಿರೋದೆಲ್ಲ ಬೇರೆಯವರ ಪತ್ರ, ಬೇರೆಯವರ ದಿನಚರಿಗಳಿಂದ. ಅವಳನ್ನೇ ಮುಖ್ಯವಾಗಿಟ್ಟು ಜೇಮ್ಸ್ ಬೆಕ್ ಒಂದು ಪೂರ್ತಿ ಪುಸ್ತಕ ಬರೆದದ್ದು 1992ರಲ್ಲಿ, ಹಡಗು ಹೊರಟು ಹೆಚ್ಚುಕಡಿಮೆ ಇನ್ನೂರು ವರ್ಷವಾದ ಮೇಲೆ. ಊರಲ್ಲೇ ಉಳಿದಿದ್ದರೆ ಅವಳ ಮನಸ್ಸು ಕೆಡುತ್ತಿರಲಿಲ್ಲ ಅಂತ ಹೇಳೋಕೆ ನಾನು ಡಾಕ್ಟರಲ್ಲ. ನನಗೆ ಮುಖ್ಯ ಅನ್ನಿಸೋದು ಇಷ್ಟೇ. ಅವಳ ಮೊದಲ ಉತ್ತರ ಯೋಚಿಸಿ ಕೊಟ್ಟ ಉತ್ತರ. ಎರಡನೆಯದು ಹೆದರಿ ಕೊಟ್ಟಿದ್ದು. ಚರಿತ್ರೆ ಎರಡನೆಯದನ್ನು ಮಾತ್ರ ಒಪ್ಪಿಗೆ ಅಂತ ಬರೆದುಕೊಂಡಿತು.

ಇದು ನನ್ನನ್ನು ಯಾಕೆ ಇಷ್ಟು ಕಾಡಿತು ಅಂದ್ರೆ, ನಾನೂ ಒಂದು ಸಲ ಎಂಟು ತಿಂಗಳ ಮಗುವನ್ನು ಕಟ್ಟಿಕೊಂಡು ಹೊರದೇಶಕ್ಕೆ ಹೋಗಿ ಬಂದವನು. ದೇವರ ಕೆಲಸಕ್ಕಲ್ಲ, ಆನ್‌ಸೈಟ್ ಪ್ರಾಜೆಕ್ಟಿಗೆ. ಐದು ತಿಂಗಳ ಹಡಗಲ್ಲ, ಒಂದು ದಿನದ ವಿಮಾನ. ಹೋಲಿಸುವಂಥ ಕಷ್ಟವೇ ಅಲ್ಲ. ಆದರೂ ಆ ಚಳಿಗಾಲದ ಮಧ್ಯಾಹ್ನಗಳಲ್ಲಿ ಮಗುವನ್ನು ಎತ್ತಿಕೊಂಡು ಕಿಟಕಿ ಹತ್ತಿರ ನಿಂತಿರುತ್ತಿದ್ದ ಹೆಂಡತಿ ನೆನಪಾದಳು. ಡೊರೊಥಿಯ ಕಥೆಯನ್ನು ಅವಳಿಗೆ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ ನಾನು ಸುಮ್ಮನಿರಬಹುದಿತ್ತು, "ನಾನಾದ್ರೆ ನಿನ್ನ ಕೇಳಿದ್ದೆ ಅಲ್ವಾ?" ಅಂದೆ.

"ಎಲ್ಲಿ ಕೇಳಿದ್ರಿ? ಹೇಳಿದ್ರಿ ಅಷ್ಟೇ. ವೀಸಾ ಬಂದ್ಮೇಲೆ," ಅಂದಳು. ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ.

ಈಗ ಆಫೀಸಿನಲ್ಲಿ ಮತ್ತೊಂದು ಅವಕಾಶ ಬಂದಿದೆ. ಎರಡನೇ ಮಗುವಿಗೆ ಐದು ತಿಂಗಳು. ಈ ಸಲ ಯಾರಿಗೂ ಹೂಂ ಅನ್ನೋ ಮೊದಲು ಮನೆಗೆ ಬಂದು ಅವಳನ್ನು ಕೇಳಿದೆ. "ಯೋಚನೆ ಮಾಡಿ ಹೇಳ್ತೀನಿ ಇರಿ," ಅಂದಳು. ಎರಡು ವಾರವಾಯಿತು. ಮ್ಯಾನೇಜರ್ ದಿನಾ ಕೇಳುತ್ತಿದ್ದಾರೆ. ಇನ್ನೂ ಮನೆಯಲ್ಲಿ ಮಾತಾಡ್ತಾ ಇದೀವಿ ಸಾರ್, ಅಂತ ಹೇಳಿ ಬಂದಿದ್ದೇನೆ.